ಕೆರೆ ಊರಿನದು, ಬುಕಿಂಗ್ ಯಾರದು?

ತೂಬಗೆರೆ ಹೋಬಳಿಯ ಗ್ರಾಮ ಪಂಚಾಯಿತಿಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಅಣ್ಣಂದಿರೇ, ಅಕ್ಕಂದಿರೇ,

ಮುಂದಿನ ಸಲ ನೀವು ಕೆರೆಯ ಮೀನನ್ನು ಹರಾಜಿಗಿಟ್ಟಾಗ ಎದುರಿಗೆ ಬಂದು ಕೂರುವವನು ಬಲೆಯವನೇ ಆಗಿರುತ್ತಾನೆ ಅಂತ ಹೇಳಲಾಗದು. ಲ್ಯಾಪ್‌ಟಾಪ್ ಹಿಡಿದವನೊಬ್ಬ ಬರಬಹುದು. ಕೆರೆಗೆ ಬಲೆ ಹಾಕುವುದೇ ಇಲ್ಲ, ಶನಿವಾರ ಭಾನುವಾರ ಬೆಂಗಳೂರಿನವರು ಬಂದು ಏರಿಯ ಮೇಲೆ ಕೂತು ಗಾಳ ಹಾಕುತ್ತಾರೆ, ಎಲ್ಲ ಆನ್‌ಲೈನ್ ಬುಕಿಂಗ್, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ, ಊರಿಗೆ ಹೆಸರು, ಹುಡುಗರಿಗೆ ಕೆಲಸ ಎಂದು ಅವನು ಹೇಳುತ್ತಾನೆ. ಈ ಮಾತು ಟೀ ಅಂಗಡಿಗಳಲ್ಲಿ ಆಗಲೇ ಓಡಾಡುತ್ತಿದೆ. ಓಡಾಡದೆ ಏನು? ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವವರು, ನಂದಿಬೆಟ್ಟಕ್ಕೆ ಹೋಗುವವರು, ಮಾಕಳಿದುರ್ಗ ಹತ್ತುವವರು ಎಲ್ಲ ನಮ್ಮ ಅಕ್ಕಪಕ್ಕದ ರಸ್ತೆಗಳಲ್ಲೇ ಹಾಯಬೇಕು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿದ ಮೇಲೆ ನಮ್ಮ ಹೊಲಗಳ ಬೆಲೆ ಏನಾಯಿತು ಎಂದು ನಿಮಗೆ ಹೇಳಬೇಕಾಗಿಲ್ಲ. ಹೊಲದ ಸರದಿ ಮುಗಿದ ಕಡೆ ಈಗ ನೀರಿನ ಸರದಿ ಬಂದಿದೆ.

ಗಾಳ ಹಾಕಿಸಬೇಡಿ ಎಂದು ಹೇಳಲು ಈ ಕಾಗದ ಬರೆಯುತ್ತಿಲ್ಲ. ಸಹಿ ಹಾಕುವ ಮೊದಲು ಒಂದು ಲೆಕ್ಕ ಮಾಡಿ ಎನ್ನುವುದಷ್ಟೇ ನನ್ನ ಮಾತು.

ಈಗ ನಡೆಯುವ ಪದ್ಧತಿ ನಿಮಗೆ ಗೊತ್ತಿದೆ. ದೊಡ್ಡ ಕೆರೆಗಳ ಮೀನನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುತ್ತದೆ, ಸಣ್ಣ ಕೆರೆಗಳದ್ದನ್ನು ಪಂಚಾಯಿತಿ ಹರಾಜು ಹಾಕುತ್ತದೆ. ಕೂಗುವವರ ತಲೆಯಲ್ಲಿ ಇರುವುದು ಕಿಲೋ ಲೆಕ್ಕ. ಎಷ್ಟು ಮರಿ ಬಿಟ್ಟರೆ ಎಷ್ಟು ಕಾಟ್ಲಾ, ಎಷ್ಟು ರೋಹು, ಎಷ್ಟು ಮೃಗಾಲ್ ಬರುತ್ತದೆ, ಬೇಸಿಗೆಗೆ ನೀರು ಎಲ್ಲಿಯವರೆಗೆ ಉಳಿಯುತ್ತದೆ, ಕೊಳ್ಳುವವನು ಏನು ಬೆಲೆ ಕೊಡುತ್ತಾನೆ, ಇಷ್ಟೆ. ಆ ಲೆಕ್ಕದಲ್ಲಿ ಮೀನು ಒಂದೇ ಸಲ ಮಾರಾಟವಾಗುತ್ತದೆ. ಗಾಳಕ್ಕೆ ಸಿಕ್ಕಿ, ಫೋಟೊ ತೆಗೆಸಿಕೊಂಡು ನೀರಿಗೆ ವಾಪಸ್ ಹೋದ ಮೀನು ಹಾಗಲ್ಲ, ಬರುವ ಭಾನುವಾರ ಮತ್ತೆ ಮಾರಾಟವಾಗುತ್ತದೆ.

ಬರೀ ಉದಾಹರಣೆಗೆ ಅಂಕಿ ಹಾಕಿ ನೋಡಿ. ಐದು ಕಿಲೋ ಕಾಟ್ಲಾ, ಕಿಲೋಗೆ 150 ರೂಪಾಯಿ ಹಿಡಿದರೆ 750 ರೂಪಾಯಿ, ಅಲ್ಲಿಗೆ ಆ ಮೀನಿನ ಕಥೆ ಮುಗಿಯಿತು. ಅದೇ ಕೆರೆಯ ದಡದಲ್ಲಿ ದಿನಕ್ಕೆ ಹತ್ತು ಜನ ತಲೆಗೆ 1,000 ರೂಪಾಯಿ ಕೊಟ್ಟು ಕೂತರೆ ದಿನಕ್ಕೆ 10,000 ಆಯಿತು. ತಿಂಗಳಲ್ಲಿ ಎಂಟು ಶನಿವಾರ ಭಾನುವಾರ ಬಂದರೆ 80,000. ಕೆರೆಯ ಮೀನು ಹೆಚ್ಚುಕಡಿಮೆ ಅಷ್ಟೇ ಇದೆ. ಕಿಲೋ ಲೆಕ್ಕದಲ್ಲಿ ಕೂಗಿದ ಹರಾಜಿಗೂ ಈ ದುಡ್ಡಿಗೂ ಸಂಬಂಧವೇ ಇಲ್ಲ. ನಿಮ್ಮ ಹಳೆಯ ಕರಾರು ಪತ್ರದಲ್ಲಿ 'ಮೀನು ಹಿಡಿಯುವ ಹಕ್ಕು' ಎಂದು ಒಂದು ಸಾಲು ಬರೆದು ಬಿಟ್ಟಿದ್ದರೆ ಬಲೆಯ ಬೆಲೆಗೆ ಗಾಳದ ಹಕ್ಕೂ ಸೇರಿ ಹೋಯಿತು ಎಂದು ವಾದ ಮಾಡಲು ಗುತ್ತಿಗೆದಾರನಿಗೆ ದಾರಿಯಾಯಿತು. ಗಾಳದ್ದು ಬೇರೆ ಹಕ್ಕು, ಅದಕ್ಕೆ ಬೇರೆ ಬೆಲೆ. ಈ ಕಾಗದದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯಬೇಕು ಎಂದಾದರೆ ಇದು ಉಳಿಯಲಿ.

ಇದನ್ನು ನಾನು ಊಹೆಯ ಮೇಲೆ ಹೇಳುತ್ತಿಲ್ಲ. ನಮ್ಮ ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿಕೊಂಡು ಸಂಗಮದಲ್ಲಿ ಕಾವೇರಿಗೆ ಸೇರುತ್ತಾಳೆ. ಸೇರುವಷ್ಟು ನೀರು ಉಳಿದ ವರ್ಷ. ಆ ಸಂಗಮದಿಂದ ಕಾವೇರಿಯ ಗುಂಟ ಮೇಲಕ್ಕೆ ಹೋದರೆ ಗಾಳಿಬೋರೆ, ಇನ್ನೂ ಮೇಲೆ ಭೀಮೇಶ್ವರಿ, ದೊಡ್ಡಮಾಕಳಿ. ಗಾಳ ಹಾಕುವುದನ್ನು ಬುಕಿಂಗ್ ಮಾಡಿ ಮಾರಿದ ಕರ್ನಾಟಕದ ದೊಡ್ಡ ಕಥೆ ನಡೆದದ್ದು ಅಲ್ಲಿ. ಒಳ್ಳೆಯದೂ ಕೆಟ್ಟದ್ದೂ ಎರಡೂ ಅಲ್ಲಿದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಲ್ಲಿನವರು ಬಿಳಿಮೀನು ಎನ್ನುವ ಮಹಶೀರ್‌ಗೆ ಇಂಗ್ಲಿಷರು ಹುಚ್ಚರಾಗಿದ್ದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಎಂಬಾತ 1873ರಲ್ಲಿ ಇಂಡಿಯಾದಲ್ಲಿ ಗಾಳ ಹಾಕುವ ವಿದ್ಯೆಯ ಮೇಲೆ ಒಂದು ಪುಸ್ತಕವನ್ನೇ ಬರೆದ. ತಮ್ಮ ದೇಶದ ಸಾಲ್ಮನ್‌ಗಿಂತ ಈ ಮೀನು ಗಾತ್ರಕ್ಕೆ ತಕ್ಕಂತೆ ಹೆಚ್ಚು ಸೆಣಸುತ್ತದೆ ಎಂಬುದು ಅವನ ತೀರ್ಮಾನ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡಿನ ಮೀನು, ನಮ್ಮ ಲೆಕ್ಕದಲ್ಲಿ 54 ಕಿಲೋ. ಸತ್ತ ಹುಲಿಗಳ ಚರ್ಮವನ್ನು ಜೀವ ಇದ್ದಂತೆ ಸಜ್ಜು ಮಾಡಿ ನಿಲ್ಲಿಸುವುದಕ್ಕೆ ಹೆಸರಾದ ಮನೆತನ ಅದು. ಸ್ವಾತಂತ್ರ್ಯ ಬಂದ ಮೇಲೆ ಆ ಗಾಳಗಾರರು ಹೋದರು, ಹೊಳೆಗೆ ಡೈನಮೈಟ್ ಬಂತು. ದೊಡ್ಡ ಮಹಶೀರ್ ಮುಗಿದೇ ಹೋಯಿತು ಎಂದು ಹೊರಗಿನ ಜಗತ್ತು ತಿಳಿದುಕೊಂಡಿದ್ದಾಗ, 1970ರ ದಶಕದ ಕೊನೆಗೆ ಮೂವರು ಇಂಗ್ಲಿಷ್ ಗಾಳಗಾರರು ಇಂಡಿಯಾದ ಹೊಳೆಗಳನ್ನೆಲ್ಲ ಸುತ್ತಿ ಕಾವೇರಿಯಲ್ಲಿ ಭಾರಿ ಮೀನುಗಳು ಇನ್ನೂ ಇವೆ ಎಂದು ತೋರಿಸಿದರು.

1980ರಲ್ಲಿ ಶುರುವಾಗಿದ್ದ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿಯಲ್ಲಿ ಗಾಳದ ಕ್ಯಾಂಪ್ ಹಾಕಿತು. ಹಿಡಿ, ತೂಕ ಮಾಡು, ಬಿಡು ಎಂಬುದು ನಿಯಮ. ವಿದೇಶಿಯರು ಡಾಲರು ಪೌಂಡು ಕೊಟ್ಟು ವಾರಗಟ್ಟಲೆ ಇದ್ದು ಹೋಗುತ್ತಿದ್ದರು. ಬುಕಿಂಗ್ ಮೊದಲು ಕಾಗದ, ಏಜೆಂಟರ ಮೂಲಕ, ಆಮೇಲೆ ಇಂಟರ್ನೆಟ್ಟಿನಲ್ಲಿ. ಇನ್ನೊಂದು ವಿಷಯ ಹೇಳಿದರೆ ನಿಮಗೆ ನಗು ಬರುತ್ತದೆ. ಆ ದೊಡ್ಡ ಮೀನಿಗೆ ಗಾಳಕ್ಕೆ ಚುಚ್ಚುತ್ತಿದ್ದ ಎರೆ ನಮ್ಮ ರಾಗಿ ಹಿಟ್ಟಿನ ಮುದ್ದೆ. ಬೇಯಿಸಿ ಗಟ್ಟಿ ಮಾಡಿ ಉಂಡೆ ಕಟ್ಟಿ ಹಾಕುತ್ತಿದ್ದರು. ಮುದ್ದೆ ಮುರಿಯಲು ಬಾರದ ದೊರೆಗಳು ಮುದ್ದೆ ಎಸೆದು ಮೀನು ಹಿಡಿಯುತ್ತಿದ್ದರು.

ಈ ವ್ಯವಸ್ಥೆಯಿಂದ ನಿಜವಾದ ಒಳ್ಳೆಯದಾಯಿತು. ರಾತ್ರಿ ಹೊಳೆಗಿಳಿದು ಕದ್ದು ಮೀನು ಹಿಡಿಯುತ್ತಿದ್ದ ಸುತ್ತಲ ಹಳ್ಳಿಗಳವರನ್ನೇ ಕ್ಯಾಂಪಿನವರು ಗೈಡ್ ಮಾಡಿಕೊಂಡರು, ಕಾವಲಿಗೆ ಇಟ್ಟರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಏಳುತ್ತದೆ, ನೀರು ಎಷ್ಟು ಕೆಂಪಾದರೆ ಗಾಳ ಮುಟ್ಟುವುದಿಲ್ಲ, ಜೋರು ಸೆಳೆತದಲ್ಲಿ ಹರಿಗೋಲು ಹೇಗೆ ತಿರುಗಿಸಬೇಕು, ಇದೆಲ್ಲ ಬಲ್ಲವರು ಅವರೇ. ಗಾಳ ಹಿಡಿದವನು ಲಂಡನ್ನಿನವನು, ಮೀನು ಹಿಡಿಸಿದವನು ಹಲಗೂರು ಕಡೆಯವನು. ಸಂಬಳ, ಮೇಲೆ ಟಿಪ್ಸು. ಹೊಳೆಯ ಆ ಭಾಗದಲ್ಲಿ ಡೈನಮೈಟ್ ಸದ್ದು ಅಡಗಿತು.

ಆದರೆ ಹೊಳೆಯ ಒಳಗೆ ಇನ್ನೊಂದು ಕಥೆ ನಡೆಯುತ್ತಿತ್ತು. ಗಾಳಿಬೋರೆ ಕ್ಯಾಂಪಿನಲ್ಲಿ ಯಾರು ಎಂದು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ತೂಕ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಆಮೇಲೆ ಕೂತು ಓದಿದಾಗ ಕಂಡದ್ದು ಇದು: ಸಿಕ್ಕುವ ಮೀನಿನ ಸಂಖ್ಯೆ ಹೆಚ್ಚುತ್ತಾ ಹೋಗಿದೆ, ಒಂದೊಂದರ ಗಾತ್ರ ಇಳಿಯುತ್ತಾ ಹೋಗಿದೆ. ಕಾವೇರಿಯದೇ ಆದ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಕಡಿಮೆಯಾಗಿ, ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಹೊಳೆ ತುಂಬಿಕೊಂಡಿತ್ತು. ಬಿಟ್ಟವರ ಉದ್ದೇಶ ಒಳ್ಳೆಯದೇ. ಬಂದ ಗಿರಾಕಿಗೂ ಬೇಸರವಿಲ್ಲ, ದಿನಕ್ಕೆ ಹೆಚ್ಚು ಮೀನು ಸಿಗುತ್ತಿತ್ತಲ್ಲ. ಕಾವೇರಿಯ ಆ ಮೂಲ ಮೀನು ಯಾವುದು ಎಂದು ವಿಜ್ಞಾನದ ಹೆಸರಿಟ್ಟು ಗಟ್ಟಿಯಾಗಿ ಹೇಳಲು 2018 ಆಗಬೇಕಾಯಿತು. ಟಾರ್ ರೆಮಾದೇವಿ ಎಂದು ಗುರುತಿಸಿದರು, ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜಾತಿಗಳ ಜಾಗತಿಕ ಪಟ್ಟಿಗೆ, ಅದರಲ್ಲೂ ಅತಿ ಅಪಾಯದ ವರ್ಗಕ್ಕೆ ಸೇರಿತು. ಒಂದು ಮಾತು ಮಾತ್ರ ಒಪ್ಪಬೇಕು. ಆ ಕ್ಯಾಂಪಿನ ಪುಸ್ತಕ ಇಲ್ಲದೇ ಹೋಗಿದ್ದರೆ ಇದ್ಯಾವುದೂ ಅಂಕಿಯಲ್ಲಿ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಕಾನೂನು ಅಡ್ಡ ಬಂತು. ಆ ದಡವೆಲ್ಲ ಕಾವೇರಿ ವನ್ಯಜೀವಿಧಾಮ. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥದಲ್ಲಿ 1972ರ ವನ್ಯಜೀವಿ ಕಾಯ್ದೆಯನ್ನು ಓದಿ, 2012ರ ಹೊತ್ತಿಗೆ ಗಾಳ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ಗಾಳಗಾರರೂ ಕಾಡಿನವರೂ ಇವತ್ತಿಗೂ ಜಗಳವಾಡುತ್ತಾರೆ, ಇಬ್ಬರ ಬಳಿಯೂ ಒಳ್ಳೆಯ ವಾದಗಳಿವೆ. ನಿಮಗೆ ಬೇಕಾದದ್ದು ಆ ಜಗಳವಲ್ಲ, ಆಮೇಲೆ ಯಾರು ಉಳಿದರು ಎಂಬುದು. ಕ್ಯಾಂಪುಗಳು ಉಳಿದವು. ಈಗ ಭೀಮೇಶ್ವರಿಯಲ್ಲಿ ಕಯಾಕು, ಹಗ್ಗದ ಮೇಲೆ ಜಾರುವ ಆಟ, ತೆಪ್ಪದ ಸವಾರಿ ಇವೆ. ಅವಕ್ಕೂ ಆನ್‌ಲೈನ್ ಬುಕಿಂಗ್ ಇದೆ, ಬೆಂಗಳೂರಿನ ಕಂಪನಿಗಳ ಹುಡುಗರು ಬಸ್ಸು ತುಂಬ ಬರುತ್ತಾರೆ. ಜಾಗವಿದ್ದವರು ಮಾರುವ ಸರಕನ್ನು ಬದಲಿಸಿಕೊಂಡರು. ಗಾಳದ ವಿದ್ಯೆಗೆ ಸಿಗುತ್ತಿದ್ದ ಸಂಬಳ, ಟಿಪ್ಸು ಒಂದು ಆದೇಶದೊಂದಿಗೆ ನಿಂತಿತು. ಮಡುಗಳನ್ನು ಬಲ್ಲವರ ಹೆಸರಿನಲ್ಲಿ ಗುತ್ತಿಗೆ ಇರಲಿಲ್ಲ, ಪಾಲು ಇರಲಿಲ್ಲ, ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ. ಅವರಿಗೆ ಇದ್ದದ್ದು ಕೆಲಸ ಮಾತ್ರ. 'ಹುಡುಗರಿಗೆ ಕೆಲಸ' ಎಂಬ ಮಾತು ಕೇಳಿದಾಗ ನನಗೆ ಅದಕ್ಕೇ ಸಮಾಧಾನವಾಗುವುದಿಲ್ಲ.

ಕೊಡಗಿನಲ್ಲಿ ಇನ್ನೊಂದು ಬಗೆ ಇದೆ. ವಾಲ್ನೂರಿನ ಹತ್ತಿರ ಕಾವೇರಿಯ ಒಂದಷ್ಟು ಉದ್ದವನ್ನು ಕೊಡಗು ವನ್ಯಜೀವಿ ಸಂಘ ಗುತ್ತಿಗೆಗೆ ಹಿಡಿದು, ಗಾಳಕ್ಕೆ ಪರವಾನಗಿ ಕೊಟ್ಟು, ಹೊಳೆ ಕಾಯುವ ಕೆಲಸ ಮಾಡಿಕೊಂಡು ಬಂದಿದೆ. ಅವರು ಜಮೀನುದಾರರು, ಕಾಫಿ ಬೆಳೆಗಾರರು, ಕೋವಿಯಷ್ಟೇ ಗಾಳವನ್ನೂ ಬಲ್ಲವರು. ನಮ್ಮ ಬೆಸ್ತರ ಮನೆಗಳಿಗೂ ಅವರಿಗೂ ಹೋಲಿಕೆ ಸಲ್ಲ. ಆದರೂ ಗುತ್ತಿಗೆಯ ಕಾಗದ ಊರಿನ ಸಂಘದ ಕೈಯಲ್ಲಿ ಇರಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಇನ್ನು ಥಾಮಸ್ ಹೇಳಿದ ಆ ಸಾಲ್ಮನ್ನಿನ ನಾಡಿನಲ್ಲಿ ಹೇಗಿದೆ ನೋಡಿ. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ನೆಲದಿಂದ ಬೇರೆಯಾದ ಆಸ್ತಿ. ದಡದ ಹೊಲ ಒಬ್ಬರದು, ಅಲ್ಲಿ ಹರಿಯುವ ನೀರಿನಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಇನ್ನೊಬ್ಬರದು ಆಗಿರಬಹುದು. ಅದನ್ನು ಮಾರಬಹುದು, ಮಕ್ಕಳಿಗೆ ಬರೆದಿಡಬಹುದು. ನದಿಯನ್ನು ತುಂಡು ತುಂಡಾಗಿ ಹಂಚಿಕೊಂಡಿದ್ದಾರೆ. ಒಂದು ತುಂಡಿನ ಕ್ರಯ ಕಟ್ಟುವಾಗ ಅವರು ನೋಡುವುದು ವರ್ಷಕ್ಕೆ ಸರಾಸರಿ ಎಷ್ಟು ಸಾಲ್ಮನ್ ಅಲ್ಲಿ ಗಾಳಕ್ಕೆ ಸಿಕ್ಕಿವೆ ಎಂಬ ಲೆಕ್ಕ. ಗಾಳ ಹಾಕುವುದಕ್ಕೆ ಬೇರೆ ಬೆಲೆ ಎಂದು ನಾನು ಮೇಲೆ ಹೇಳಿದ್ದು ಅಲ್ಲಿ ತಲೆಮಾರುಗಳಿಂದ ನಡೆದುಕೊಂಡು ಬಂದ ವ್ಯವಹಾರ. ಈಗ ಟ್ವೀಡ್, ಟೇ ಮುಂತಾದ ನದಿಗಳ ಆ ತುಂಡುಗಳನ್ನು ಫಿಶ್‌ಪಾಲ್ ಎಂಬ ತಾಣದಲ್ಲಿ ದಿನದ ಲೆಕ್ಕದಲ್ಲಿ ಕಾಯ್ದಿರಿಸಬಹುದು. ಮೊದಲು ಮಾಲೀಕರ ಪರಿಚಯವಿದ್ದವರಿಗೇ ಸಿಗುತ್ತಿದ್ದ ಜಾಗಗಳ ಬಾಗಿಲು ದುಡ್ಡಿದ್ದ ಯಾರಿಗಾದರೂ ತೆರೆಯಿತು, ಅದು ಸುಳ್ಳಲ್ಲ. ಮಾಲೀಕರಿಗೆ ಖಾಲಿ ಹೋಗುತ್ತಿದ್ದ ದಿನಗಳು ತುಂಬಿದವು. ಗಿಲ್ಲಿ ಎಂದು ಕರೆಯುವ ಅಲ್ಲಿನ ಗೈಡಿಗೆ ಕೂಲಿ, ಟಿಪ್ಸು.

ಮೀನಿಗೆ? 2023ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್ನಿನ ಸಂಖ್ಯೆ 1952ರಲ್ಲಿ ಲೆಕ್ಕ ಇಡಲು ಶುರುಮಾಡಿದ ಮೇಲೆ ಅತಿ ಕಡಿಮೆ. ಅದೇ ವರ್ಷದ ಕೊನೆಗೆ ಬ್ರಿಟನ್ನಿನ ಸಾಲ್ಮನ್ ಅಪಾಯದಲ್ಲಿರುವ ಜಾತಿ ಎಂದು ಘೋಷಣೆಯಾಯಿತು. ಹಿಡಿದದ್ದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಬಿಟ್ಟುಬಿಡುತ್ತಾರೆ, ಸೊರಗಿದ ನದಿಗಳಲ್ಲಿ ಬಿಡಲೇಬೇಕೆಂದು 2016ರಿಂದ ಕಾನೂನೇ ಇದೆ, ಭಾನುವಾರ ಸಾಲ್ಮನ್ನಿಗೆ ಗಾಳ ಹಾಕುವಂತೆಯೇ ಇಲ್ಲ. ಇಷ್ಟೆಲ್ಲ ಇದ್ದೂ ಹೀಗೆ. ಕಾರಣ ಸಮುದ್ರದಲ್ಲಿದೆ, ಕಾವೇರುತ್ತಿರುವ ನದಿಗಳಲ್ಲಿದೆ, ಸಾಲ್ಮನ್ ಸಾಕಣೆ ಕೇಂದ್ರಗಳಿಂದ ಹರಡುವ ಮೀನುಹೇನಿನಲ್ಲಿದೆ. ಬುಕಿಂಗ್ ಮಾಡಿದವರ ತಪ್ಪಲ್ಲ. ಆದರೆ ಯಾವ ದಿನ ಜಾಗ ಖಾಲಿ ಇದೆ ಎಂದು ತೋರಿಸುವ ಪರದೆಗೆ ನೀರೊಳಗೆ ಮೀನು ತುಂಬಿಸುವ ಶಕ್ತಿ ಇಲ್ಲ.

ಈಗ ನಡುವೆ ಕೂತವನ ವಿಷಯ. ನಮ್ಮ ದೇಶದಲ್ಲಿ ರೂಮು, ಪ್ರವಾಸ ಬುಕಿಂಗ್ ಮಾಡಿಸುವ ತಾಣಗಳು ಸಾಮಾನ್ಯವಾಗಿ ನೂರಕ್ಕೆ ಹದಿನೈದೋ ಇಪ್ಪತ್ತೋ ಕಮಿಷನ್ ಹಿಡಿಯುತ್ತವೆ, ಕೆಲವು ಇನ್ನೂ ಹೆಚ್ಚು. ಹಿಡಿಯಲಿ, ಗಿರಾಕಿ ತಂದುಕೊಡುತ್ತಾರೆ. ಕಷ್ಟ ಇರುವುದು ಒಪ್ಪಂದದ ಸಣ್ಣ ಅಕ್ಷರಗಳಲ್ಲಿ. 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ ರೂಪಾಯಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಮೇಕ್‌ಮೈಟ್ರಿಪ್‌ನ ಮೇಲಿದ್ದ ಆಕ್ಷೇಪಗಳಲ್ಲಿ ಮುಖ್ಯವಾದದ್ದು, ತಮ್ಮ ತಾಣದಲ್ಲಿರುವ ಬೆಲೆಗಿಂತ ಕಡಿಮೆಗೆ ಹೋಟೆಲಿನವರು ಬೇರೆಲ್ಲೂ, ತಮ್ಮದೇ ತಾಣದಲ್ಲೂ, ರೂಮು ಕೊಡಬಾರದು ಎಂಬ ಷರತ್ತು. ಅಂದರೆ ಸ್ವಂತ ಅಂಗಡಿಯಲ್ಲಿ ಸ್ವಂತ ಸರಕಿಗೆ ಬೆಲೆ ಇಳಿಸುವ ಹಕ್ಕನ್ನೂ ಬರೆದುಕೊಟ್ಟ ಹಾಗೆ. ವ್ಯವಹಾರ ಬಲ್ಲ ಹೋಟೆಲಿನವರೇ ಆ ಸಹಿ ಹಾಕಿದ್ದರು. ನಮ್ಮ ಪಂಚಾಯಿತಿಯ ಮುಂದೆ ಇಂಗ್ಲಿಷಿನ ಕರಾರು ಬಂದರೆ ಅದನ್ನು ಕನ್ನಡದಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ. ಓದಿಸಲು ಒಪ್ಪದಿದ್ದರೆ ಅವನನ್ನು ಹಾಗೇ ವಾಪಸ್ ಕಳಿಸಿ.

ಪರದೆಯೇ ಶತ್ರು ಎಂದು ನಾನು ಹೇಳುವುದಿಲ್ಲ. ಮಾಕಳಿದುರ್ಗವನ್ನೇ ನೋಡಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಎಲ್ಲ ಕಡೆ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಮೂಗುದಾರ ಹಾಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಾಕಳಿದುರ್ಗವೂ ಸೇರಿದಂತೆ ಚಾರಣಗಳಿಗೆ ಅರಣ್ಯ ವಿಹಾರ ಎಂಬ ಒಂದೇ ತಾಣದಲ್ಲಿ ಟಿಕೆಟ್ ಕೊಡಲು ಶುರುಮಾಡಿತು. ಬೆಟ್ಟ ಹೊರುವಷ್ಟು ಜನರನ್ನೇ ಬಿಡಲು ಅದೊಂದು ಸಾಧನ. ಅಲ್ಲಿ ಮೊದಲ ಲಾಭ ಬೆಟ್ಟದ್ದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಬಂದದ್ದನ್ನು ಹಿಪ್ಪುನೇರಳೆ ಬೆಳೆಯುವ ನಮ್ಮವರು ಕಣ್ಣಾರೆ ಕಂಡಿದ್ದಾರೆ. ಬೆಲೆ ಎಲ್ಲರಿಗೂ ಕಾಣುತ್ತದೆ. ಹಾಲಿನ ಡೇರಿಯ ಲೆಕ್ಕವೂ ಈಗ ಕಂಪ್ಯೂಟರಿನಲ್ಲೇ. ಆದರೆ ಡೇರಿಯಲ್ಲಿ ಸಂಘ ಊರಿನದು, ಸದಸ್ಯರು ಹಾಲು ಹಾಕುವವರು, ಲೆಕ್ಕ ಪರಿಶೋಧನೆ ಆಗುತ್ತದೆ, ವರ್ಷದ ಕೊನೆಗೆ ಬೋನಸ್ ಎಷ್ಟು ಎಂದು ಸಭೆಯಲ್ಲಿ ಕೇಳಬಹುದು, ಜಗಳವನ್ನೂ ಆಡಬಹುದು. ಕೆರೆಯ ಬುಕಿಂಗಿಗೂ ಅಂಥ ಯಜಮಾನರು ಇರಲಿ ಎನ್ನುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಮೊದಲಿಗೆ, ಯಾವ ಕೆರೆ ಯಾರ ಅಧೀನದಲ್ಲಿದೆ ಎಂದು ಪಿಡಿಒ ಹತ್ತಿರ ಕಡತ ತೆಗೆಸಿ ನೋಡಿ. ಇಲಾಖೆಯ ಕೆರೆಯ ಮೇಲೆ ನೀವು ಕರಾರು ಮಾಡಿಕೊಟ್ಟರೆ ನಾಳೆ ಕೋರ್ಟು ಅಲೆಯುವವರೂ ನೀವೇ. ಗಾಳ ಹಾಕಿಸುವುದಕ್ಕೆ ಯಾವ ಪರವಾನಗಿ ಬೇಕು ಎಂಬುದನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯ ಪ್ರಕಾರ ಮೀನುಗಾರಿಕೆ ಇಲಾಖೆಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಭೀಮೇಶ್ವರಿಯಲ್ಲಿ ಅಷ್ಟು ವರ್ಷ ನಡೆದದ್ದನ್ನು ಒಂದು ಕಾನೂನಿನ ಅರ್ಥ ನಿಲ್ಲಿಸಿತು ಎಂಬುದು ನೆನಪಿರಲಿ.

ಆಮೇಲೆ ಬಲೆಯ ಹಕ್ಕು ಒಂದು ಕಾಗದ, ಗಾಳದ ಹಕ್ಕು ಇನ್ನೊಂದು ಕಾಗದ ಮಾಡಿ. ಗಾಳದ್ದನ್ನು ಒಂದೇ ಗಂಟಿನ ಮೊತ್ತಕ್ಕೆ ಕೊಡಬೇಡಿ, ಪ್ರತಿ ಟಿಕೆಟ್ಟಿನ ಮೇಲೆ ಇಷ್ಟು ಎಂದು ಬರೆಸಿ. ಗಂಟಿನ ಮೊತ್ತದಲ್ಲಿ ಜನ ಹೆಚ್ಚಾದಾಗ ಬರುವ ಲಾಭ ಅವನದು, ಗಲೀಜು ನಿಮ್ಮದು. ಸುತ್ತ ಮೀನುಗಾರರ ಸಹಕಾರ ಸಂಘವಿದ್ದರೆ ಮೊದಲು ಅವರನ್ನು ಕೇಳಿ. ಬುಕಿಂಗಿನ ಪಟ್ಟಿ ಪಂಚಾಯಿತಿಗೂ ಸಂಘಕ್ಕೂ ಪ್ರತಿ ದಿನ ಕಾಣುವ ಹಾಗಿರಲಿ. ಎಷ್ಟು ಜನ ಬಂದರು ಎಂಬುದನ್ನು ಅವನು ಹೇಳಿದಂತೆ ನಂಬಬೇಕಾದ ಸ್ಥಿತಿ ಬಂದರೆ ಪಾಲಿನ ಮಾತಿಗೆ ಅರ್ಥವಿಲ್ಲ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ನಮ್ಮ ಹಳ್ಳಿಗಳಲ್ಲಿ ಡಿಗ್ರಿ ಮುಗಿಸಿ ಏರ್‌ಪೋರ್ಟ್ ಕಡೆ ಪಾಳಿ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಲ್ಲಿ ಒಬ್ಬರು ಕೂತು ಮಾಡುವಷ್ಟು ಕೆಲಸ ಅದು. ಯುಪಿಐ ಹಣ ಸಂಘದ ಖಾತೆಗೇ ಬೀಳಲಿ, ಕಮಿಷನ್ ಬೇಕಾದವನಿಗೆ ಅಲ್ಲಿಂದ ಕೊಡಿ. ಹಣ ಮೊದಲು ಯಾರ ಖಾತೆಗೆ ಬೀಳುತ್ತದೆಯೋ ವ್ಯವಹಾರದಲ್ಲಿ ಅವರ ಮಾತು ನಡೆಯುತ್ತದೆ.

ಬಂದ ಹಣದಲ್ಲಿ ಮೊದಲ ಖರ್ಚು ಕೆರೆಯದ್ದಾಗಿರಲಿ. ಮೀನುಮರಿ, ತೂಬಿನ ರಿಪೇರಿ, ಏರಿಯ ಜಾಲಿ ಕಡಿಸುವುದು, ಕಾವಲಿನವನ ಸಂಬಳ. ಮೀನಿನ ಸಾಕಣೆ ಬಗ್ಗೆ ಕೇಳಬೇಕೆಂದರೆ ಹೆಸರಘಟ್ಟದಲ್ಲಿ ಮೀನು ಸಂಶೋಧನಾ ಕೇಂದ್ರ ಇದೆ, ದೂರವೇನಲ್ಲ. ಗಾಳಿಬೋರೆಯ ಹಾಗೆ ಒಂದು ಪುಸ್ತಕ ಇಡಿಸಿ: ದಿನಾಂಕ, ಎಷ್ಟು ಗಾಳ, ಯಾವ ಮೀನು, ಎಷ್ಟು ತೂಕ, ಎಷ್ಟು ಸತ್ತವು. ಗಿರಾಕಿಯ ಖುಷಿಗೆಂದು ಆಫ್ರಿಕನ್ ಕ್ಯಾಟ್‌ಫಿಶ್ ತಂದು ಬಿಡುವ ಬುದ್ಧಿವಂತರಿದ್ದಾರೆ, ಅದು ನಿಷೇಧವಾದ ಮೀನು, ಬಿಟ್ಟರೆ ಕೆರೆಯ ಕೊರಮೀನು, ಸಣ್ಣ ಮೀನು ಯಾವುದನ್ನೂ ಉಳಿಸುವುದಿಲ್ಲ. ಹಿಡಿದು ಬಿಡುವ ಆಟದ ಬಗ್ಗೆ ನನ್ನದೊಂದು ತಕರಾರೂ ಇದೆ. ಕಾವೇರಿಯ ಮಹಶೀರ್ ಅಪರೂಪದ್ದು, ಬಿಟ್ಟರೆ ಅರ್ಥವಿದೆ. ನಮ್ಮ ಕೆರೆಯ ಕಾಟ್ಲಾ ಊಟಕ್ಕೆಂದೇ ಮರಿ ತಂದು ಬಿಟ್ಟದ್ದು. ಅದರ ಬಾಯಿಗೆ ವಾರ ವಾರ ಮುಳ್ಳು ಚುಚ್ಚಿ ಬಿಡುವುದು ಸಂರಕ್ಷಣೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಿಡಿದವರು ಕಿಲೋ ಲೆಕ್ಕದಲ್ಲಿ ಕೊಂಡುಕೊಂಡು ಹೋಗಲಿ, ಅಲ್ಲೇ ಮೀನು ಮಾರುವ ಹೆಂಗಸರು ತೂಗಿ, ಕೊಯ್ದು ಕೊಡಲಿ. ಅವರಿಗೂ ನಾಲ್ಕು ಕಾಸು ಆಗುತ್ತದೆ.

ಅಕ್ಕಂದಿರೇ, ಈ ಮಾತು ನಿಮಗೆ. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ನಿಮ್ಮದು. ಬಟ್ಟೆ ಒಗೆಯಲು, ದನ ತೊಳೆಯಲು, ಕುರಿಗೆ ನೀರು ಕುಡಿಸಲು ಕೆರೆಗೆ ಇಳಿಯುವವರು ಯಾರೆಂದು ಗಂಡಸರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಕ್ಯಾಮೆರಾ ಹಿಡಿದ ಅಪರಿಚಿತರು ದಡದ ತುಂಬ ಕೂತ ದಿನ ಆ ಹೆಂಗಸರು ಎಲ್ಲಿಗೆ ಹೋಗಬೇಕು? ಕೆರೆಯ ಯಾವ ದಡ ಗಾಳಕ್ಕೆ, ಯಾವ ದಡ ಊರಿಗೆ ಎಂದು ಕಲ್ಲು ನೆಟ್ಟು ಗುರುತು ಮಾಡಿಸಿ. ಏರಿಯ ಮೇಲೆ ಬಾಟಲಿ ಒಡೆದರೆ ಗಾಜು ಚುಚ್ಚುವುದು ನಮ್ಮ ದನದ ಕಾಲಿಗೆ. ಮಣ್ಣು ಹೊಡೆದು ಹೊಡೆದು ಕೆರೆಗಳ ಒಳಗೆ ಆಳುದ್ದದ ಗುಂಡಿಗಳಿವೆ, ಮೇಲೆ ನೀರು ನಿಂತರೆ ಗೊತ್ತಾಗುವುದಿಲ್ಲ. ಅಂಥ ಗುಂಡಿಗಳಲ್ಲಿ ಮುಳುಗಿ ಸತ್ತ ಮಕ್ಕಳ ಸುದ್ದಿ ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವೆ. ಬಂದ ಗಿರಾಕಿ ಮುಳುಗಿದರೆ ಹೊಣೆ ಯಾರದು ಎಂದು ಕರಾರಿನಲ್ಲಿ ಇಲ್ಲದಿದ್ದರೆ ಪೊಲೀಸಿನವರು ಮೊದಲು ಬರುವುದು ನಿಮ್ಮ ಮನೆ ಬಾಗಿಲಿಗೆ.

ಇನ್ನು ಊರಿನ ಹುಡುಗರು. ಬಿದಿರು ಕಡ್ಡಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ ಜಿಲೇಬಿ ಮೀನಿಗೆ ಕೂರುವ ಹುಡುಗರಿಗೆ ಇವತ್ತಿನವರೆಗೆ ಯಾರೂ ಟಿಕೆಟ್ ಕೇಳಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತುವ ಹೊತ್ತಿಗೆ ಉಳಿದ ಮೀನನ್ನು ಬಡವರು ಕೈಯಲ್ಲೇ ಹಿಡಿದುಕೊಂಡು ಹೋದರೆ ಯಾವ ಗುತ್ತಿಗೆದಾರನೂ ಅಷ್ಟಾಗಿ ಗದರಿಸಿಲ್ಲ. ಬುಕಿಂಗ್ ಬಂದ ಮರುದಿನದಿಂದ ಆ ಹುಡುಗ ಕಳ್ಳನಾಗುತ್ತಾನೆ. ದುಡ್ಡು ಕೊಟ್ಟು ಬಂದವನಿಗೆ ಅವನು ಅಡ್ಡ, ಕಾವಲಿನವನಿಗೆ ಅವನನ್ನು ಓಡಿಸುವುದೇ ಕೆಲಸ. ಊರಿನ ಮಕ್ಕಳಿಗೆ ಕೈಗಾಳ ಬಿಟ್ಟಿ ಎಂದು ಕರಾರಿನ ಮೊದಲ ಪುಟದಲ್ಲೇ ಬರೆಸಿ. ಇದಕ್ಕೆ ಒಪ್ಪದವನ ಜೊತೆ ಉಳಿದ ಷರತ್ತುಗಳ ಮಾತೇ ಬೇಡ.

ಕೊನೆಯದು ನೀರು. 2021, 2022ರ ಮಳೆಗೆ ನಮ್ಮ ತಾಲ್ಲೂಕಿನ ಕೆರೆಗಳು ಕೋಡಿ ಹರಿದಾಗ ಬಾಗಿನ ಕೊಟ್ಟ ಸಂಭ್ರಮ ಎಲ್ಲರಿಗೂ ನೆನಪಿದೆ. ಅದಕ್ಕೂ ಹಿಂದೆ ಎಷ್ಟೋ ವರ್ಷ ಅವೇ ಕೆರೆಗಳಲ್ಲಿ ಹುಡುಗರು ಕ್ರಿಕೆಟ್ ಆಡಿದ್ದೂ ನೆನಪಿರಬೇಕು. ಐದು ವರ್ಷದ ಕರಾರಿನಲ್ಲಿ ಎರಡು ವರ್ಷ ನೀರೇ ಇಲ್ಲದಿದ್ದರೆ ಏನು ಎಂದು ಈಗಲೇ ಬರೆದುಕೊಳ್ಳಿ. ಟ್ಯಾಂಕರಿನಲ್ಲಿ, ಬೋರ್‌ವೆಲ್ಲಿನಲ್ಲಿ ನೀರು ತುಂಬಿಸಿ ಗಾಳದ ಆಟ ನಡೆಸುವುದಕ್ಕೆ ಯಾವ ಕಾರಣಕ್ಕೂ ಅವಕಾಶ ಕೊಡಬೇಡಿ. ಇನ್ನು ದೊಡ್ಡತುಮಕೂರು, ಮಜರಾ ಹೊಸಹಳ್ಳಿ ಕಡೆಯವರು ಕೆರೆಗೆ ಬರುವ ಕಾರ್ಖಾನೆ ಮತ್ತು ನಗರದ ಕೊಳಚೆಯ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದ್ದನ್ನು ನೋಡಿದ್ದೇವೆ. ನಮ್ಮ ಕಡೆ ನೀರು ಇನ್ನೂ ಅಷ್ಟು ಕೆಟ್ಟಿಲ್ಲ ಎಂಬುದೇ ಬುಕಿಂಗಿನವನು ಇಲ್ಲಿಗೆ ಬರಲು ಕಾರಣ. ನೀರು ಕೆಟ್ಟ ದಿನ ಅವನು ರೀಫಂಡ್ ಕೊಟ್ಟು ಬೇರೆ ಕೆರೆಗೆ ಹೋಗುತ್ತಾನೆ.

ವರ್ಷಕ್ಕೆ ಎರಡು ಗ್ರಾಮಸಭೆಯಾದರೂ ನಡೆಸಲೇಬೇಕೆಂದು ಕಾಯ್ದೆ ಇದೆ. ಬರುವ ಸಭೆಯ ವಿಷಯ ಪಟ್ಟಿಯಲ್ಲಿ 'ಕೆರೆಯಲ್ಲಿ ಗಾಳದ ಹಕ್ಕು' ಎಂದು ಬೇರೆಯೇ ಒಂದು ವಿಷಯ ಸೇರಿಸಿ. ಬೆಸ್ತರ ಮನೆಯವರನ್ನು, ಕುರಿ ದನ ಸಾಕುವವರನ್ನು, ಸ್ವಸಹಾಯ ಸಂಘದ ಹೆಂಗಸರನ್ನು ಕರೆಸಿ ಕೂರಿಸಿ. ಬಲೆಯ ಹಕ್ಕಿನಿಂದ ಗಾಳದ ಹಕ್ಕನ್ನು ಬೇರೆ ಮಾಡಿ, ಟಿಕೆಟ್ಟಿನ ಮೇಲೆ ಪಾಲು ನಿಗದಿ ಮಾಡಿ ಒಂದು ಠರಾವು ಮಾಡಿ. ಆ ಠರಾವು ಆಗುವವರೆಗೆ ಯಾವ ಕೆರೆಯ ಮೇಲೂ ಹೊಸ ಕರಾರಿಗೆ ಸಹಿ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ತೂಬಗೆರೆಯ ಒಬ್ಬ ಮತದಾರ